ಹಾಲುಹಲ್ಲಿನ ದೇಶ

ನಮ್ಮ ದೇಶ ರಗ್ಬಿ ವಿಶ್ವಕಪ್ಪನ್ನು ಯಾವ ವರ್ಷ ಗೆಲ್ಲುತ್ತದೆ ಎನ್ನುವುದು ಈ ಭೂಮಿಯ ಮೇಲೆ ಒಬ್ಬನೇ ಒಬ್ಬ ಮನುಷ್ಯನಿಗೆ ಗೊತ್ತಿದೆ. ಅವನು ನನ್ನ ಸೋದರಮಾವ. ಊರು ಕಪ್ಪತಗುಡ್ಡದ ಬುಡದ ಡೋಣಿ, ಕಸುಬು ಎತ್ತಿನ ದಲಾಲಿ, ವಯಸ್ಸು ಐವತ್ತು ದಾಟಿದೆ. ರಗ್ಬಿ ಆಡಿದ ಅನುಭವ ಎಷ್ಟು ಎಂದು ದಯವಿಟ್ಟು ಕೇಳಬೇಡಿ. ಮೊನ್ನೆ ಮೊನ್ನೆಯವರೆಗೆ ಆ ಆಟದ ಚೆಂಡನ್ನು ಅವನು ಚರ್ಮ ಹೊದಿಸಿದ ಸೋರೆಕಾಯಿ ಎಂದುಕೊಂಡಿದ್ದ.

ವರ್ಷ ಯಾವುದು ಅಂತೀರಾ? ನಾನೂ ಕೇಳಿದೆ. ಮಾಮಾ ಅತ್ತಿತ್ತ ನೋಡಿದ. ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈಮೇಲೆ ಹೊದಿಸಿದ. ಅದರ ಕೆಳಗೆ ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು, ಒತ್ತಿ, ಬಿಟ್ಟ. ದನದ ಸಂತೆಯಲ್ಲಿ ಎತ್ತಿನ ಬೆಲೆ ಹೇಳುವುದೇ ಹೀಗೆ. ಬಾಯಿ ಸುಮ್ಮನಿರುತ್ತದೆ, ಟವೆಲಿನ ಕೆಳಗೆ ಬೆರಳು ಮಾತಾಡುತ್ತವೆ, ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ತೊಂದರೆ ಏನೆಂದರೆ, ಬೆರಳಿನ ಭಾಷೆ ನನಗೂ ತಿಳಿಯುವುದಿಲ್ಲ. ಹೀಗಾಗಿ ದೇಶದ ಅತಿ ದೊಡ್ಡ ಕ್ರೀಡಾ ರಹಸ್ಯ ನನ್ನ ಬಲಗೈಯ ನಡುಬೆರಳಿನ ಆಸುಪಾಸು ಎಲ್ಲೋ ಸಿಕ್ಕಿಕೊಂಡಿದೆ. ಇನ್ನೊಮ್ಮೆ ಹೇಳು ಮಾಮಾ ಎಂದರೆ, ಒಳ್ಳೆಯ ದಲಾಲಿ ಒಂದು ಮಾತನ್ನು ಎರಡು ಸಲ ಒತ್ತುವುದಿಲ್ಲವಂತೆ!

ನಾನು ಯಾರು ಎಂಬುದನ್ನೂ ಹೇಳಿಬಿಡುತ್ತೇನೆ. ಮುಂಡರಗಿಯಲ್ಲಿ ಪಿಯುಸಿ ಎರಡನೇ ವರ್ಷ, ಇರುವುದು ಡೋಣಿಯಲ್ಲಿ ಇದೇ ಮಾಮಾನ ಮನೆಯಲ್ಲಿ. ರೂಪ, ಬುದ್ಧಿ, ಓಟ ಮೂರರಲ್ಲೂ ಊರಿಗೇ ಮೊದಲನೆಯವಳು. ಮೂರಕ್ಕೂ ಸಾಕ್ಷಿ ನಾನೇ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಇದ್ದದ್ದನ್ನೇ ಸ್ವಲ್ಪ ಜಗ್ಗಿ ಹೇಳುತ್ತೇನೆ, ಒಗೆದ ಸೀರೆಯನ್ನು ಇಬ್ಬರು ಎರಡು ತುದಿ ಹಿಡಿದು ಜಗ್ಗುವುದಿಲ್ಲವೇ, ಹಾಗೆ. ಸೀರೆ ಅದೇ, ಸುಕ್ಕು ಮಾತ್ರ ಹೋಗುತ್ತದೆ.

ಮಾಮಾನಿಗೆ ರಗ್ಬಿ ಹತ್ತಿದ್ದು ಗದಗ ಬಸ್ ನಿಲ್ದಾಣದ ಎದುರಿನ ಒಂದು ಮಿರ್ಚಿ ಅಂಗಡಿಯಲ್ಲಿ. ಅತ್ತೆಯ ಮಿಕ್ಸರ್ ಜಾರ್ ರಿಪೇರಿಗೆ ಹೋಗಿತ್ತು, ತರಲು ಮಾಮಾ ಹೋಗಿದ್ದ. ಜಾರ್ ಕೈಗೆ ಬಂದಿತ್ತು ಕೂಡ. ಬಸ್ಸಿಗೆ ಹೊತ್ತಿತ್ತೆಂದು ಗಿರ್ಮಿಟ್ ತಿನ್ನಲು ಕುಳಿತ. ಅಂಗಡಿಯ ಟಿವಿಯ ರಿಮೋಟ್ ಎಂದೋ ಎಣ್ಣೆಯ ಬಾಣಲೆಗೆ ಬಿದ್ದು ಕರಿದುಹೋಗಿತ್ತಂತೆ, ಅಂದಿನಿಂದ ಅಲ್ಲಿ ಒಂದೇ ಚಾನೆಲ್. ಅದರಲ್ಲಿ ಎಮ್ಮೆಯಂಥ ಗಂಡಸರು ಸೋರೆಕಾಯಿ ಹಿಡಿದು ಓಡುತ್ತಿದ್ದರು. ಮಾಮಾ ಅವರ ಮುಖ ನೋಡಲಿಲ್ಲ, ಕಾಲು ನೋಡಿದ. ಕಾಲಿನಿಂದ ತೊಡೆ, ತೊಡೆಯಿಂದ ಹೆಗಲು. ಮೂವತ್ತು ವರ್ಷ ಎತ್ತು ನೋಡಿದ ಕಣ್ಣು ಅದು! ಮೂರು ಬಸ್ ಹೋದವು. ನಾಲ್ಕನೆಯದಕ್ಕೆ ಅವನು ಮನೆಗೆ ಬಂದಾಗ ಕಣ್ಣಲ್ಲಿ ಬೆಳಕಿತ್ತು, ಕೈಯಲ್ಲಿ ಜಾರ್ ಇರಲಿಲ್ಲ.

ಅತ್ತೆ ಜಾರ್ ಕೇಳಿದರೆ ಮಾಮಾ ಆಟದ ನಿಯಮ ಹೇಳತೊಡಗಿದ. "ಭಾಳ ಛಲೋ ಆಟ ಐತಿ. ಕೈಯಾಗ ಇದ್ದದ್ದನ್ನ ಮುಂದ ಇದ್ದಾವ್ಗ ಒಗಿಯಾಂಗಿಲ್ಲ. ಹಿಂದ ಇದ್ದಾವ್ಗ ಕೊಟ್ಟ ಮುಂದ ಓಡಬೇಕು."

"ಅದಕ್ಕ ನನ್ನ ಜಾರ್ ಹಿಂದ ಕೊಟ್ಟ ನೀವು ಮುಂದ ಓಡಿ ಬಂದ್ರೇನು?" ಎಂದಳು ಅತ್ತೆ.

ಆ ವಾರ ನಮ್ಮ ಮನೆಯಲ್ಲಿ ಚಟ್ನಿ ಒರಳಿನಲ್ಲಿ ಆಯಿತು. ರುಬ್ಬಿದವನು ಮಾಮಾ.

ಟ್ರ್ಯಾಕ್ಟರುಗಳು ಬಂದ ಮೇಲೆ ಎತ್ತಿನ ಸಂತೆ ಕುಗ್ಗಿದೆ. ಮಾಮಾನ ಹತ್ತಿರ ಬೇಕಾದಷ್ಟು ಹೊತ್ತು ಉಳಿಯುತ್ತಿತ್ತು. ಅಷ್ಟೂ ಹೊತ್ತನ್ನು ಅವನು ನನ್ನ ಮೊಬೈಲಿನಲ್ಲಿ ರಗ್ಬಿ ನೋಡಲು ಸುರಿದ. ತಿಂಗಳು ಕಳೆಯುವುದರೊಳಗೆ ದನದ ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದಲ್ಲಿ ಜಗತ್ತಿನ ರಗ್ಬಿ ದೇಶಗಳ ಪಟ್ಟಿ ಎದ್ದಿತು. ಎಲ್ಲಾ ಕಡೆ ಒಂದು, ಎರಡು, ಮೂರು ಎಂದು ಸ್ಥಾನ ಬರೆಯುತ್ತಾರೆ. ನಮ್ಮ ಗೋಡೆಯ ಮೇಲೆ ಹಲ್ಲು ಬರೆದಿತ್ತು.

ಎತ್ತಿನ ವಯಸ್ಸನ್ನು ಹಲ್ಲಿನಿಂದ ಹೇಳುತ್ತಾರೆ ಎಂಬುದು ನಿಮಗೆ ಗೊತ್ತಿರಬಹುದು. ಮೊದಲು ಹಾಲುಹಲ್ಲು, ಅದು ಬಿದ್ದು ಎರಡು ಹಲ್ಲು, ಆಮೇಲೆ ನಾಲ್ಕು, ಆರು. ಎಲ್ಲಾ ಬಂದರೆ ಬಾಯಿಗೂಡಿತು, ಪೂರ್ತಿ ದುಡಿಯುವ ಎತ್ತಾಯಿತು. ಮಾಮಾನ ಗೋಡೆಯಲ್ಲಿ ನ್ಯೂಜಿಲೆಂಡ್ ಬಾಯಿಗೂಡಿದೆ. ದಕ್ಷಿಣ ಆಫ್ರಿಕಾ ಬಾಯಿಗೂಡಿ ಹಾಯುವುದನ್ನೂ ಕಲಿತಿದೆ. ಫಿಜಿ ಆರು ಹಲ್ಲು, ಆದರೆ ಓಟದ ಹೋರಿ. ಜಪಾನು ನಾಲ್ಕು ಹಲ್ಲು, ಸೌಮ್ಯ, ಮೇವು ಕಡಿಮೆ, ಕೆಲಸ ಜಾಸ್ತಿ. ಇಂಗ್ಲೆಂಡಿನ ಮುಂದೆ "ಹಲ್ಲು ಸವೆದಾವು" ಎಂದು ಬರೆದಿದ್ದ. ಎಲ್ಲಕ್ಕಿಂತ ಕೆಳಗೆ, ಸೆಗಣಿಯ ಗೆರೆ ಶುರುವಾಗುವ ಕಡೆ, ಭಾರತ: ಹಾಲುಹಲ್ಲು.

ನಮ್ಮ ಕಾಲೇಜಿನ ಪಿ.ಟಿ. ಸರ್ ಒಂದು ಭಾನುವಾರ ಬಂದು ಈ ಗೋಡೆಯನ್ನು ಬಹಳ ಹೊತ್ತು ಓದಿದರು. ಅವರಿಗೆ ರಗ್ಬಿಯ ಸರ್ಟಿಫಿಕೇಟೇ ಇದೆ, ಎಲ್ಲೋ ಹತ್ತು ದಿನದ ತರಬೇತಿಗೆ ಹೋಗಿಬಂದಿದ್ದರು. ನಮ್ಮವರು ವಿಶ್ವಕಪ್ಪಿನ ಹೊಸ್ತಿಲನ್ನೇ ಇನ್ನೂ ತುಳಿದಿಲ್ಲ, ಏಷ್ಯಾದೊಳಗೇ ಏದುಸಿರು ಬಿಡುತ್ತೇವೆ, ಫಿಜಿಯಲ್ಲಿ ಕೂಸು ತೊಟ್ಟಿಲಲ್ಲೇ ಚೆಂಡು ಹಿಡಿಯುತ್ತದೆ, ನಮ್ಮ ಭವಿಷ್ಯ ಎಲ್ಲಿಂದ ಬರಬೇಕು ಎಂದು ಅವರು ವಾದಿಸಿದರು. ಮಾಮಾ ಒಂದು ಕಡೆಯಿಂದ ಎಲ್ಲಕ್ಕೂ ಹೌದು ಹೌದು ಎಂದ. ಆಮೇಲೆ ಕೊಟ್ಟಿಗೆಯ ಮೂಲೆಯಲ್ಲಿದ್ದ ಕರುವನ್ನು ತೋರಿಸಿದ.

"ಅದರ ಹಲ್ಲ ನೋಡಿ ಯಾರರ ಅಳ್ತಾರೇನ್ರಿ ಸರ್? ಕಾಲ ನೋಡ್ತಾರ. ಹಲ್ಲ ತಾವ ಬರ್ತಾವ."

ಪಿ.ಟಿ. ಸರ್ ಬಗ್ಗಿ ಕರುವಿನ ಕಾಲು ನೋಡಿದರು. ಅಂದು ಚಹಾ ಮುಗಿಸಿ ಎದ್ದವರು, ಏಳು ಮಂದಿ ಹುಡುಗಿಯರನ್ನು ಕೂಡಿಸಿದರೆ ತಾನು ನಿಯಮ ಕಲಿಸುತ್ತೇನೆ, ಜಿಲ್ಲೆಯ ಆಯ್ಕೆಗೆ ಹೆಸರು ಕಳಿಸುತ್ತೇನೆ ಎಂದು ಒಪ್ಪಿಕೊಂಡು ಹೋದರು. ಏಳು ಮಂದಿಯ ಚಿಕ್ಕ ರಗ್ಬಿ ಅದು. ಹುಡುಗಿಯರೇ ಯಾಕೆ ಎಂದರೆ, ಊರಿನ ಹುಡುಗರೆಲ್ಲ ಕ್ರಿಕೆಟ್ಟಿಗೆ ಮಾರಾಟವಾಗಿದ್ದರು.

ಈಗ ಮಾಮಾನ ಮುಂದೆ ದೊಡ್ಡ ಧರ್ಮಸಂಕಟ. ಆಟಗಾರ್ತಿಯರನ್ನು ಆರಿಸಬೇಕು. ಎತ್ತಾದರೆ ಸುತ್ತ ತಿರುಗಿ, ಬೆನ್ನು ಚಪ್ಪರಿಸಿ, ನಡೆಸಿ ನೋಡಬಹುದು. ಊರಿನ ಹೆಣ್ಣುಮಕ್ಕಳನ್ನು ಹಾಗೆ ದಿಟ್ಟಿಸಿ ನೋಡಲು ಮಾಮಾ ಸತ್ತರೂ ಒಪ್ಪುವವನಲ್ಲ. ಎದುರಿಗೆ ಹೆಂಗಸರು ಬಂದರೆ ಅವನು ತನ್ನ ಚಪ್ಪಲಿಯನ್ನು ಪರೀಕ್ಷೆ ಮಾಡುತ್ತ ನಡೆಯುತ್ತಾನೆ. ಹೀಗಾಗಿ ಅವನು ಹುಡುಗಿಯರನ್ನು ನೋಡದೆಯೇ ಆರಿಸಿದ. ಹೇಗೆ? ಹೆಜ್ಜೆ ನೋಡಿ!

ಮಳೆಯಾದ ಮರುದಿನ ಬೆಳಿಗ್ಗೆ, ನಾವೆಲ್ಲ ಬಸ್ ಹತ್ತಿ ಕಾಲೇಜಿಗೆ ಹೋದ ಮೇಲೆ, ಮಾಮಾ ಬಸ್ಸಿನ ದಾರಿಯ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕುಳಿತ. ಒಂದೊಂದೇ ಗುರುತಿನ ಮೇಲೆ ಬುಟ್ಟಿ ಬೋರಲು ಹಾಕುತ್ತ ಹೋದ, ಕೋಳಿ ಮುಚ್ಚುವ ಬುಟ್ಟಿ. ಸಂಜೆ ನಾವು ಇಳಿದಾಗ ದಾರಿಯ ತುಂಬ ಬುಟ್ಟಿಗಳು, ನಡುವೆ ಮಾಮಾ, ಸುತ್ತ ಬುಟ್ಟಿ ವಾಪಸ್ ಕೇಳುವ ಹೆಂಗಸರು. ಒಬ್ಬೊಬ್ಬರನ್ನೇ ಕರೆದು ಗುರುತಿನ ಪಕ್ಕ ಹೆಜ್ಜೆ ಇಡಿಸಿ ಒಡತಿಯನ್ನು ಪತ್ತೆ ಹಚ್ಚಿದ. ಎಲ್ಲರ ಹೆಜ್ಜೆಯೂ ಹಿಮ್ಮಡಿಯ ಕಡೆ ಆಳ. ಒಂದೇ ಒಂದು ಹೆಜ್ಜೆ ಬೆರಳಿನ ಕಡೆ ಆಳವಾಗಿತ್ತು, ಹಿಮ್ಮಡಿ ಇದ್ದೂ ಇಲ್ಲದಂತೆ. ಓಡುವ ಕಾಲಿನ ಗುರುತೇ ಅದಂತೆ. ಅದು ನಮ್ಮ ಓಣಿಯ ರೇಣುಕಾಳದು.

ರೇಣುಕಾಳ ಬಗ್ಗೆ ಹೇಳುವುದು ಬಹಳ ಸುಲಭ, ಯಾಕೆಂದರೆ ಅವಳು ತಾನಾಗಿ ಏನೂ ಹೇಳುವುದಿಲ್ಲ. ವರ್ಷಕ್ಕೆ ಹನ್ನೆರಡು ಮಾತಾಡುತ್ತಾಳೆ, ತಿಂಗಳಿಗೊಂದು. ಉಳಿದ ಮಾತನ್ನು ಅವಳ ಪರವಾಗಿ ನಾನು ಆಡುತ್ತೇನೆ. ಪರೀಕ್ಷೆ ಮುಗಿದ ಕೂಡಲೇ ಅವಳನ್ನು ಕಾಲೇಜು ಬಿಡಿಸಿ ಶಿರಹಟ್ಟಿಯ ಅಕ್ಕನ ಮನೆಗೆ ಕಳಿಸುವುದು ಎಂದು ಮನೆಯಲ್ಲಿ ನಿಶ್ಚಯವಾಗಿತ್ತು. ಅಕ್ಕನಿಗೆ ಅವಳಿ ಕೂಸು, ಆಡಿಸಲು ಜನ ಬೇಕು. ಇದನ್ನೂ ರೇಣುಕಾ ಹೇಳಿದ್ದಲ್ಲ, ಅವಳವ್ವ ಹೇಳಿದ್ದು. ಮೈದಾನಕ್ಕೆ ಬಾ ಎಂದರೆ ಅವಳು ಬಾಗಿಲ ಹಿಂದೆ ಸರಿದು ನಿಂತಳು. ನಾನು ಕೈ ಹಿಡಿದು ಎಳೆದುಕೊಂಡು ಹೋದೆ. ಮೂರು ದಿನ ಎಳೆದೆ. ನಾಲ್ಕನೆಯ ದಿನ ಅವಳೇ ನನ್ನನ್ನು ಎಳೆದುಕೊಂಡು ಹೋದಳು.

ನನ್ನ ಹೆಜ್ಜೆ ಹೇಗಿತ್ತು ಅಂತೀರಾ? ಮಾಮಾ ಬುಟ್ಟಿ ಎತ್ತಿ ನೋಡಿದ, ಮತ್ತೆ ಮುಚ್ಚಿದ. "ಇದು ಮನಿದು" ಎಂದ. ಅಷ್ಟೇ. ಅಷ್ಟೊಂದು ಅಪರೂಪದ ಹೆಜ್ಜೆಗೆ ಮಾತು ಸಿಗದೆ ಸುಮ್ಮನಾಗಿರಬೇಕು ಎಂದು ನಾನು ತಿಳಿದುಕೊಂಡೆ.

ಆಮೇಲೆ ಚೆಂಡು. ಮುಂಡರಗಿಯಲ್ಲಿ ರಗ್ಬಿ ಚೆಂಡು ಕೇಳಿದರೆ ಅಂಗಡಿಯವ ಕ್ರಿಕೆಟ್ ಚೆಂಡನ್ನು ತೋರಿಸಿ, ಉದ್ದ ಆಗಬೇಕಾದರೆ ಟ್ರ್ಯಾಕ್ಟರ್ ಹಾಯಿಸಿಕೊಳ್ಳಿ ಎಂದನಂತೆ. ಮಾಮಾ ಲಕ್ಷ್ಮೇಶ್ವರಕ್ಕೆ ಹೋದ. ಅಲ್ಲಿ ಎತ್ತಿನ ಕೊರಳಿಗೆ ಗೆಜ್ಜೆಪಟ್ಟಿ ಹೊಲಿಯುವ ಅಜ್ಜ ಒಬ್ಬರಿದ್ದಾರೆ. ಮೊಬೈಲಿನ ಚಿತ್ರ ನೋಡಿ, ದಪ್ಪ ಚರ್ಮ ಕತ್ತರಿಸಿ, ನಾಲ್ಕು ದಳ ಹೊಲಿದು ಕೊಟ್ಟರು. ಒಳಗೆ ಗಾಳಿ ನಿಲ್ಲಲಿಲ್ಲ. ಗಾಳಿಯ ಬದಲು ಹತ್ತಿಕಾಳು ತುಂಬಿದರು. ಎತ್ತಿಗೆ ಹಾಕುವ ಹತ್ತಿಕಾಳು, ಮೂರು ಸೇರು.

ಆ ಚೆಂಡು ಮೊದಲ ಸಲ ನನ್ನ ಎದೆಗೆ ಬಂದು ಬಿದ್ದಾಗ ನಾನು ಕುಳಿತೆ. ಬಿದ್ದೆ ಎಂದು ಕೆಲವರು ಹೇಳುತ್ತಾರೆ, ನಂಬಬೇಡಿ. ಎರಡು ತಿಂಗಳು ಅದನ್ನೇ ಎಸೆದು ಹಿಡಿದು ನಮ್ಮ ತೋಳು ಹೇಗಾದವೆಂದರೆ, ಮುಂದೆ ಪಿ.ಟಿ. ಸರ್ ಅಸಲಿ ಚೆಂಡು ತಂದುಕೊಟ್ಟಾಗ ನಾನು ಮೆಲ್ಲಗೆ ಕೊಟ್ಟ ಪಾಸು ಬೇಲಿ ದಾಟಿ, ಹೊಲ ದಾಟಿ, ಗಾಳಿಯಂತ್ರದ ಕಂಬಕ್ಕೆ ಬಡಿಯಿತು. ಹತ್ತಿಕಾಳಿನ ಚೆಂಡಿನ ಕಥೆ ಮುಗಿದದ್ದು ಬೇರೆ ರೀತಿ. ಒಂದು ದಿನ ಹೊಲಿಗೆ ಬಿಚ್ಚಿ ಕಾಳು ಸುರಿಯತೊಡಗಿತು. ಮೇಯಲು ಬಿಟ್ಟಿದ್ದ ನಮ್ಮ ಎತ್ತು ಮೂಗೆತ್ತಿತು. ಚೆಂಡು ನನ್ನ ಕೈಯಲ್ಲಿತ್ತು. ಎತ್ತು ನನ್ನ ಹಿಂದೆ ಬಂತು. ಅಂದು ನಾನು ಓಡಿದ ವೇಗವನ್ನು ಯಾರಾದರೂ ಅಳೆದಿದ್ದರೆ ಒಲಿಂಪಿಕ್ಸಿನವರು ಮನೆಗೆ ಬರುತ್ತಿದ್ದರು. ಮಾಮಾ ದೂರದಿಂದ, ಹಿಂದೆ ಇದ್ದವರಿಗೆ ಕೊಡು ಎಂದು ಕೂಗುತ್ತಿದ್ದ. ಹಿಂದೆ ಇದ್ದದ್ದು ಎತ್ತೇ. ಕೊಟ್ಟೆ. ಅದು ತಿಂದಿತು.

ಏಳು ಎಂಬ ಸಂಖ್ಯೆಯೂ ಮಾಮಾನ ತಲೆ ತಿಂದಿತ್ತು. ಎತ್ತು ಒಂದೇ ಇದ್ದರೆ ಅದು ಎತ್ತಲ್ಲ, ಜೋಡಿ ಇದ್ದರೆ ಎತ್ತು. ಏಳನ್ನು ಎಷ್ಟು ಹಂಚಿದರೂ ಜೋಡಿ ಕೂಡುವುದಿಲ್ಲ. ಎರಡು ದಿನ ಊಟ ಸೇರದೆ ಯೋಚಿಸಿ ಕೊನೆಗೆ ಪರಿಹಾರ ಕಂಡುಹಿಡಿದ. ಮೂರು ಜೋಡಿ, ಒಬ್ಬ ದಲಾಲಿ. ಇಲ್ಲಿಂದ ಇಸಿದುಕೊಂಡು ಅಲ್ಲಿ ಕೊಡುವವಳು ದಲಾಲಿ. ಜಗತ್ತಿನ ಬೇರೆ ಯಾವ ತಂಡದಲ್ಲಿಯೂ ಈ ಹುದ್ದೆ ಇಲ್ಲ.

ಮೊದಲ ಜೋಡಿ ರೇಣುಕಾ ಮತ್ತು ನಾನು. ನೊಗದ ಎಡಕ್ಕೆ ಹೂಡುವ ಎತ್ತು ಎಡಗೋಲು, ಬಲಕ್ಕೆ ಹೂಡುವುದು ಬಲಗೋಲು. ಒಮ್ಮೆ ರೂಢಿಯಾದರೆ ಬದಲಿಸುವಂತಿಲ್ಲ, ಬದಲಿಸಿದರೆ ಎತ್ತು ಬೆದರುತ್ತದೆ. ರೇಣುಕಾ ಎಡ, ನಾನು ಬಲ. ಮೈದಾನದಲ್ಲಿ ಮಾತ್ರ ಎಂದುಕೊಂಡಿರಾ? ಬಸ್ಸಿನ ಸೀಟಿನಲ್ಲಿ ಅವಳು ಎಡ, ನಾನು ಬಲ. ತರಗತಿಯ ಬೆಂಚಿನಲ್ಲಿಯೂ ಅದೇ. ಯಾರದೋ ಮದುವೆಯ ಪಂಕ್ತಿಯಲ್ಲಿ ನಾವು ಅದಲು ಬದಲಾಗಿ ಕುಳಿತಿದ್ದೆವೆಂದು ಮಾಮಾ ಊಟದ ನಡುವೆ ನಮ್ಮನ್ನು ಎಬ್ಬಿಸಿ ಸರಿಮಾಡಿದ. ಹೋಳಿಗೆ ನನ್ನ ಎಲೆಯಲ್ಲಿತ್ತು, ನಾನು ಅವಳ ಎಲೆಗೆ ಹೋದೆ. ಆ ಹೋಳಿಗೆಯ ದುಃಖ ನನಗೆ ಇನ್ನೂ ಆರಿಲ್ಲ.

ಅತ್ತೆ ಇದನ್ನೆಲ್ಲ ನೋಡಿ ನೋಡಿ ಒಂದು ದಿನ ಕೇಳಿದಳು, "ಅಲ್ಲರೀ, ನಾ ನಿಮಗ ಎಡಗೋಲೋ ಬಲಗೋಲೋ? ಮೂವತ್ತ ವರ್ಷ ಆತು, ಒಮ್ಮೆ ಹೇಳ್ರಿ, ಆ ಕಡಿ ನಿಂದರತೇನಿ."

"ನೀ ನೊಗ" ಎಂದ ಮಾಮಾ. ಅಂದೂ ಚಟ್ನಿ ಅವನೇ ರುಬ್ಬಿದ.

ಆದರೆ ಒಂದು ಮಾತು ಒಪ್ಪಲೇಬೇಕು. ಲಕ್ಷ್ಮೇಶ್ವರದ ಹುಡುಗಿಯರ ತಂಡದ ವಿರುದ್ಧ ಮೊದಲ ಸಲ ಆಡಲು ಹೋದಾಗ ಅವರಿಗೆ ನಾವು ಅರ್ಥವೇ ಆಗಲಿಲ್ಲ. ರೇಣುಕಾ ಚೆಂಡು ಹಿಡಿದು ಓಡುವಾಗ ಹಿಂದೆ ತಿರುಗಿ ನೋಡುತ್ತಿರಲಿಲ್ಲ. ಬಲಕ್ಕೆ ಸುಮ್ಮನೆ ಬಿಡುತ್ತಿದ್ದಳು, ಅಲ್ಲಿ ನಾನು ಇರುತ್ತಿದ್ದೆ. ಇರದೆ ಎಲ್ಲಿಗೆ ಹೋಗಲಿ, ಬಸ್ಸಿನಲ್ಲಿಯೂ ಅಲ್ಲೇ ಇರುವವಳು! ಮಾಮಾ ಗೆರೆಯ ಹೊರಗೆ ಓಡುತ್ತ, ಎತ್ತು ಹೊಡೆಯುವಾಗ ಮಾಡುವಂತೆ ನಾಲಿಗೆಯಿಂದ ಟಕ್ ಟಕ್ ಎನ್ನುತ್ತಿದ್ದ. ಆ ಸದ್ದಿಗೆ ನಮ್ಮ ಕಾಲು ತಾವೇ ಏಳುತ್ತಿದ್ದವು. ಎದುರು ತಂಡದವರು ದೂರು ಕೊಟ್ಟರು. ರೆಫರಿ ನಿಯಮದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರು, ನಾಲಿಗೆಯ ಬಗ್ಗೆ ಏನೂ ಇರಲಿಲ್ಲ. ನಾವು ಗೆದ್ದೆವು. ಐದು ಸಲ ಗೆರೆ ದಾಟಿ ಚೆಂಡು ನೆಲಕ್ಕೆ ಮುಟ್ಟಿಸಿದೆವು. ಐದೂ ರೇಣುಕಾ ಮುಟ್ಟಿಸಿದ್ದು. ಆದರೆ ಬಲಗಡೆಯಿಂದ ಅವಳಿಗೆ ಧೈರ್ಯ ತುಂಬಿದ್ದು ಯಾರು ಎಂಬುದನ್ನು ಮರೆಯಬಾರದು.

ಅಂತೂ ಪರೀಕ್ಷೆ ಮುಗಿದ ವಾರವೇ ಜಿಲ್ಲೆಯ ಆಯ್ಕೆಯ ದಿನ ಬಂತು. ಗದಗ ಮೈದಾನಕ್ಕೆ ಬೆಂಗಳೂರಿನಿಂದ ಒಬ್ಬ ಮೇಡಂ ಬಂದಿದ್ದರು. ಅವರು ಆರಿಸಿದವರು ಹದಿನೆಂಟರೊಳಗಿನ ಹುಡುಗಿಯರ ರಾಷ್ಟ್ರೀಯ ಶಿಬಿರಕ್ಕೆ ಹೋಗುತ್ತಾರೆ. ಅಲ್ಲೇ ಹಾಸ್ಟೆಲ್, ಅಲ್ಲೇ ಓದು. ಅಲ್ಲಿಂದ ದೇಶದ ತಂಡ. ಹಾಲುಹಲ್ಲು ಬಿದ್ದು ಎರಡು ಹಲ್ಲು ಬರುವುದು ಇಂಥ ಕಡೆಯೇ ಎಂದು ಮಾಮಾ ಬಸ್ಸಿನಲ್ಲಿ ಕಂಡಕ್ಟರನಿಗೂ ಹೇಳಿದ್ದ. ರೇಣುಕಾಳ ಅವ್ವ, ಹೆಸರು ಬಂದರೆ ಶಿರಹಟ್ಟಿಯ ಮಾತು ಬಿಡುತ್ತೇನೆ, ಬರದಿದ್ದರೆ ಸೋಮವಾರ ಗಂಟುಮೂಟೆ ಎಂದು ಖಡಾಖಂಡಿತ ಹೇಳಿ ಕಳಿಸಿದ್ದಳು.

ಆಡಿದೆವು. ಓಡಿದೆವು. ಮೇಡಂ ಬರೆದುಕೊಂಡರು. ಎಲ್ಲಾ ಮುಗಿದ ಮೇಲೆ ಮಾಮಾನನ್ನು ದೂರ ಕರೆದು ಏನೋ ಹೇಳತೊಡಗಿದರು. ನಾವು ಕಂಬದ ಹತ್ತಿರ ನಿಂತಿದ್ದೆವು, ಮಾತು ಕೇಳಿಸುತ್ತಿರಲಿಲ್ಲ. ದೇಶದ ತಂಡದ ಫೋಟೋಕ್ಕೆ ಯಾವ ಕಡೆಯ ಮುಖ ಕೊಡಬೇಕೆಂದು ನಾನು ಯೋಚಿಸುತ್ತ, ಜಡೆ ಮುಂದೆ ಹಾಕಿಕೊಂಡು, ಅವರನ್ನೇ ನೋಡುತ್ತ ನಗುತ್ತಿದ್ದೆ. ಮಾಮಾ ಒಮ್ಮೆ ನಮ್ಮ ಕಡೆ ನೋಡಿದ. ಆಮೇಲೆ ಮೇಡಂಗೆ ಇಲ್ಲ ಎಂಬಂತೆ ತಲೆಯಾಡಿಸಿದ. ಅವರು ಮತ್ತೆ ಏನೋ ಅಂದರು. ಮಾಮಾ ಹೆಗಲಿನ ಟವೆಲ್ ತೆಗೆದು ಅವರ ಕೈಮೇಲೆ ಹೊದಿಸಿದ! ಮೇಡಂ ಆ ಟವೆಲಿನಿಂದ ಮುಖದ ಬೆವರು ಒರೆಸಿಕೊಂಡು, ಥ್ಯಾಂಕ್ಸ್ ಎಂದು ಮಡಿಚಿ ವಾಪಸ್ ಕೊಟ್ಟು, ಕಾರಿನ ಕಡೆ ನಡೆದರು.

ಮಾಮಾ ನಮ್ಮ ಹತ್ತಿರ ಬಂದು ಸುದ್ದಿ ಹೇಳಿದ. "ರೇಣಿನ್ನ ಅಷ್ಟ ಕೇಳಿದ್ರು. ಜೋಡಿ ಒಡ್ಯಾಂಗಿಲ್ಲ ಅಂದೆ. ಒಯ್ದರ ಇಬ್ಬರನ್ನೂ ಒಯ್ರಿ, ಇಲ್ಲಂದ್ರ ಬಿಡ್ರಿ."

ಪಿ.ಟಿ. ಸರ್ ಇದ್ದಲ್ಲೇ ನೆಲಕ್ಕೆ ಕುಳಿತರು. ಮಾಮಾ ಮಾತ್ರ ನಿಶ್ಚಿಂತ. ಕೊಳ್ಳುವವರು ಹತ್ತು ಹೆಜ್ಜೆ ಹೋಗಿ ತಿರುಗಿ ಬಂದೇ ಬರುತ್ತಾರೆ, ನಾವಾಗಿ ಕೂಗಿ ಕರೆದರೆ ಬೆಲೆ ಬೀಳುತ್ತದೆ, ಮೂವತ್ತು ವರ್ಷದಲ್ಲಿ ತಾನು ಒಬ್ಬರನ್ನೂ ಕೂಗಿಲ್ಲ ಎಂದ. ಮೇಡಂ ಹತ್ತು ಹೆಜ್ಜೆ ಹೋದರು. ಹನ್ನೊಂದನೆಯ ಹೆಜ್ಜೆಗೆ ಕಾರು ಇತ್ತು. ಹತ್ತಿದರು, ಹೋದರು. ಮಾಮಾ ಆ ಧೂಳಿನ ಕಡೆಗೇ ನೋಡುತ್ತ ಬೆನ್ನ ಹಿಂದೆ ಕೈಕಟ್ಟಿ ನಿಂತ. ಅವರು ಎತ್ತು ಕೊಳ್ಳಲು ಬಂದವರಲ್ಲ, ಸಂಜೆಯೊಳಗೆ ಹುಬ್ಬಳ್ಳಿಯಿಂದ ಪಟ್ಟಿ ಕಳಿಸುವವರು ಎಂದು ಪಿ.ಟಿ. ಸರ್ ಅಳುವ ದನಿಯಲ್ಲಿ ಹೇಳಿದರು.

ರೇಣುಕಾ ಬಗ್ಗಿ ಬೂಟಿನ ಲೇಸ್ ಬಿಚ್ಚತೊಡಗಿದಳು. ಬೂಟು ಕಾಲೇಜಿನದು, ವಾಪಸ್ ಕೊಡಬೇಕಿತ್ತು. "ಹೋಗ್ಲಿ ಬಿಡ್ರಿ ಸರ್" ಎಂದಳು. "ಕೂಸರ ಅದಾವಲ್ಲ ಅಲ್ಲೆ, ಅವನ್ನ ಓಡಿಸ್ತೇನಿ."

ಆ ತಿಂಗಳ ಮಾತು ಅದು. ಅದನ್ನು ಕೇಳಿದ ಮೇಲೆ ನನ್ನ ತಲೆ ಕೆಟ್ಟಿತು. ನೇರ ಮಾಮಾನ ಎದುರು ಹೋಗಿ ನಿಂತೆ.

"ಮಾಮಾ, ನಿನ್ನ ಜೋಡಿ ಚಟಕ್ಕ ಆಕಿ ಶಿರಹಟ್ಟಿಗಿ ಹೋಗಬೇಕೇನ? ನನಗ ಯಾ ಜೋಡೀನೂ ಬ್ಯಾಡ."

ಮಾಮಾ ಧೂಳಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದ. "ನಿನಗ ಬ್ಯಾಡೇನ?"

"ಬ್ಯಾಡ."

"ಆಕಿ ಒಬ್ಬಾಕಿನ ಹೋದ್ರ ನಡಿತೈತೇನ ನಿನಗ? ಖರೆ ಹೇಳು."

"ಖರೆನ ಹೇಳಾಕತ್ತೇನಿ. ಮದಲ ಅವರನ್ನ ಹಿಡಿ."

ಮಾಮಾ ಟವೆಲ್ ತಲೆಗೆ ಸುತ್ತಿದ. ಪಿ.ಟಿ. ಸರ್ ಹತ್ತು ಕಡೆ ಫೋನ್ ಮಾಡಿ, ಮೇಡಂ ಸ್ಟೇಶನ್ ರಸ್ತೆಯ ಖಾನಾವಳಿಯೊಂದರಲ್ಲಿ ಊಟಕ್ಕೆ ಇಳಿದಿದ್ದಾರೆ ಎಂದು ಪತ್ತೆ ಹಚ್ಚಿದರು, ತಮ್ಮ ಬೈಕಿನ ಕೀಲಿಯನ್ನೂ ಕೊಟ್ಟರು. ಮಾಮಾ ಓಡಿಸಿದ, ನಾನು ಹಿಂದೆ. ಮೂವತ್ತು ವರ್ಷದಲ್ಲಿ ಕೊಳ್ಳುವವರನ್ನು ಕೂಗದ ಮನುಷ್ಯ ಅಂದು ಗದಗ ಪೇಟೆಯ ನಡುವೆ ಕಂಡ ಕಂಡ ಬಿಳಿ ಕಾರಿನ ಹಿಂದೆಲ್ಲ "ಮೇಡಂ, ಮೇಡಂ" ಎಂದು ಕೂಗಿಕೊಂಡು ಹೋದ. ಒಂದು ಕಾರಿನ ಗಾಜು ಇಳಿದು, ಒಳಗಿನಿಂದ ಮೀಸೆಯ ಗಂಡಸೊಬ್ಬರು ಏನು ಎಂದು ಕೇಳಿದರು. ನಾನೇ ಕ್ಷಮೆ ಕೇಳಿದೆ.

ಖಾನಾವಳಿಯ ಮುಂದೆ ಬೈಕು ನಿಲ್ಲಿಸಿ, ನನ್ನನ್ನು ಹೊರಗೇ ಇರಲು ಹೇಳಿ, ಮಾಮಾ ಒಳಗೆ ಹೋದ. ಹೊರಗೆ ಇರು ಎಂದರೆ ಹೊರಗೆ ಇರುವವಳೇ ನಾನು? ಹೊರಗೇ ಇದ್ದೆ, ಆದರೆ ಕಿಟಕಿಯ ಕೆಳಗೆ ಇದ್ದೆ. ಒಳಗೆ ರೊಟ್ಟಿ ಬಡಿಯುವ ಸದ್ದು. ಅದು ನಿಂತಾಗ ಮಾತು ಕೇಳುತ್ತಿತ್ತು.

ರೇಣುಕಾಳ ಹೆಸರು ಬರೆದುಕೊಳ್ಳಿ ಎಂದು ಮಾಮಾ ಬೇಡಿಕೊಂಡ. ಬರೆದುಕೊಳ್ಳುತ್ತೇನೆ, ಅದಕ್ಕೇ ಅಲ್ಲವೇ ಕೇಳಿದ್ದು ಎಂದರು ಮೇಡಂ. ಸ್ವಲ್ಪ ಹೊತ್ತು ರೊಟ್ಟಿಯ ಸದ್ದು. ಆಮೇಲೆ ಅವರದೇ ದನಿ: "ಇನ್ನೊಬ್ಬಳ ವಿಷಯ ನಾನು ಆಗಲೇ ಹೇಳಿದ್ದೆನಲ್ಲ. ಆ ಹುಡುಗಿಗೆ ಓಟ ಸಾಲದು. ಕಾಲಿನಲ್ಲಿ ಇಲ್ಲ ಅದು. ನಿಮ್ಮಂಥವರಿಗೆ ಗೊತ್ತಾಗಲಿಲ್ಲ ಅಂದರೆ ನಂಬೋದು ಕಷ್ಟ."

"ಗೊತ್ತಿತ್ರಿ" ಎಂದ ಮಾಮಾ. "ಕೆಸರಾಗ ಹೆಜ್ಜಿ ನೋಡಿದ ದಿನಾನ ಗೊತ್ತಿತ್ತು."

"ಮತ್ತೆ ಜೋಡಿ, ಜೋಡಿ ಅಂತ ಅಷ್ಟು ಹಟ ಯಾಕೆ ಮಾಡಿದಿರಿ?"

ಮತ್ತೆ ರೊಟ್ಟಿ ಬಡಿದರು. ಎರಡು ರೊಟ್ಟಿ ಬಡಿದರು. ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ.

"ಆಕಿ ಅಲ್ಲೇ ನಿಂತಿದ್ಲಲ್ರಿ, ನಕ್ಕೋಂತ" ಎಂದ ಮಾಮಾ. "ನಿನ್ನ ಬಿಟ್ರು ಅಂತ ಹೆಂಗ ಹೇಳ್ಲಿ? ನಾನ ಹುಚ್ಚ ಆದ್ರ ಆತು ಅಂದೆ."

ಆಮೇಲೆ ಅವನು ಇನ್ನೂ ಏನೋ ಹೇಳಿದ. ಬಾಗಿಲ ಹಿಂದೆ ನಿಂತ ಹುಡುಗಿಯನ್ನು ಮೂರು ದಿನ ಕೈಹಿಡಿದು ಮೈದಾನಕ್ಕೆ ಎಳೆದು ತಂದವಳು ಇವಳು, ಇವಳಿಲ್ಲದಿದ್ದರೆ ರೇಣುಕಾ ನಿಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ, ಅದನ್ನೂ ಎಲ್ಲಾದರೂ ಬರೆದುಕೊಳ್ಳಲು ಜಾಗ ಇದೆಯೇ ಎಂದು ಕೇಳುತ್ತಿದ್ದ. ಮೇಡಂ, ಫಾರ್ಮಿನಲ್ಲಿ ಅಂಥ ಜಾಗ ಇಲ್ಲ ಎಂದರು. ಅವರ ದನಿ ಮೆತ್ತಗಿತ್ತು.

ಮಾಮಾ ಹೊರಗೆ ಬರುವ ಹೊತ್ತಿಗೆ ನಾನು ಬೈಕಿನ ಕನ್ನಡಿಯಲ್ಲಿ ಹಣೆಯ ಮೇಲಿನ ಕೂದಲು ಸರಿಮಾಡಿಕೊಳ್ಳುತ್ತಿದ್ದೆ. ಬಹಳ ಹೊತ್ತಿನಿಂದ ಅದನ್ನೇ ಮಾಡುತ್ತಿದ್ದವಳ ಹಾಗೆ. ರೇಣುಕಾಳ ಹೆಸರು ಬಂತು ಎಂದು ಹೇಳಿದ. ಕೀಲಿಯನ್ನು ಎರಡು ಸಲ ತಪ್ಪು ತೂತಿಗೆ ಹಾಕಿದ. ಕೆಮ್ಮಿದ.

"ನಿನ್ನೂ ಭಾಳ ಹೊಗಳಿದ್ರು" ಎಂದ ನನ್ನ ಕಡೆ ನೋಡದೆ. "ಈಗ ಜಾಗಾ ಇಲ್ಲಂತ. ಬರೂ ವರ್ಷ ನೋಡೂನು ಅಂದ್ರು."

"ಹೌದೇನ?" ಎಂದೆ. "ಬರೂ ವರ್ಷ ನನಗ ಓದೂದ ಭಾಳ ಇರತೈತಿ ಮಾಮಾ. ಒಲ್ಲೆ ಅಂತ ಹೇಳಿಬಿಡು."

"ಹೇಳ್ತೇನಿ" ಎಂದ. ಬಹಳ ಗಂಭೀರವಾಗಿ ಹೇಳಿದ, ನಾಳೆಯೇ ಬೆಂಗಳೂರಿಗೆ ಫೋನ್ ಮಾಡುವವನಂತೆ.

ನಾವು ಮೈದಾನದ ಕಡೆ ಹೊರಟೆವು. ಅಲ್ಲಿ ರೇಣುಕಾ ಬರಿಗಾಲಲ್ಲಿ ಕಾಯುತ್ತಿದ್ದಳು, ಸುದ್ದಿಯನ್ನು ಮೊದಲು ನಾನೇ ಹೇಳಬೇಕೆಂದು ಮಾತಾಗಿತ್ತು. ಹೇಗೆ ಹೇಳಲಿ, ಎಷ್ಟು ಜಗ್ಗಿ ಹೇಳಲಿ ಎಂದು ಯೋಚಿಸಲು ನೋಡಿದೆ, ಒಂದು ಮಾತೂ ಹತ್ತಿರ ಬರಲಿಲ್ಲ. ಸ್ಟೇಶನ್ ರಸ್ತೆ ಮುಗಿಯಿತು. ಬೈಕು ಪೇಟೆಗೆ ತಿರುಗಿತು. ನಾನು ಸುಮ್ಮನೇ ಇದ್ದೆ.

ಮಾಮಾ ವೇಗ ಕಡಿಮೆ ಮಾಡಿದ. "ಹಿಂದ ಕುಂತೀಯೇನ?" ಎಂದು ಕೇಳಿದ.

"ಕುಂತೇನಿ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದ. "ಅದಿ ಇಲ್ಲವ್ವಾ?"

ನಾನು ಅವನ ಅಂಗಿಯ ಬೆನ್ನನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ. "ಅದೇನಿ ಮಾಮಾ" ಎಂದೆ. "ನೀ ಮುಂದ ನೋಡಿ ಹೊಡಿ."